ಹೊಸ ಸಾಧನಕ್ಕೆ ಮೊದಲ ಬಳಕೆದಾರನಾರು?

ಬೇಸಾಯಕ್ಕೆ ನೆರವಾಗುವ ಹೊಸ ಸಾಧನಗಳನ್ನು ನಿರ್ಮಿಸಲು ಹೊರಟಿರುವ ನವೋದ್ಯಮಿಗಳು ಈಗ ನಮ್ಮಲ್ಲಿ ಅನೇಕರುಂಟು. ಸಾಧನವು ಸಿದ್ಧವಾದೊಡನೆ ಅವರಿಗೆ ಎದುರಾಗುವ ಪ್ರಶ್ನೆಯೆಂದರೆ, ಇದನ್ನು ಮೊದಲು ಕೈಗೆತ್ತಿಕೊಳ್ಳುವವರಾರು ಎಂಬುದು. ಊರಿನ ದೊಡ್ಡ ಹಿಡುವಳಿದಾರರನ್ನು ಒಪ್ಪಿಸಿದರೆ ಉಳಿದವರು ತಾವಾಗಿಯೇ ಹಿಂಬಾಲಿಸುವರೆಂದು ಬಹುಮಂದಿ ಎಣಿಸುವರು. ಈ ಎಣಿಕೆ ಪೂರ್ತಿಯಾಗಿ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಮಲೆನಾಡಿನ ಅಡಕೆಯ ಕೊಳೆರೋಗದ ವಿಷಯವನ್ನೇ ನೋಡೋಣ. ಕೆನಡಾ ದೇಶದವರಾದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಈ ರೋಗವನ್ನು ಅಭ್ಯಸಿಸಿ, ಮೈಲುತುತ್ತ ಮತ್ತು ಸುಣ್ಣಗಳಿಂದಾದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದಕ್ಕೆ ಮುಂಚಿನಿಂದಲೂ ತೋಟಗಾರರು ಆಳುಗಳನ್ನು ಮರವೇರಿಸಿ, ಅಡಕೆಯ ಕೊನೆಗಳಿಗೆ ಮಳೆನೀರು ತಾಗದಂತೆ ಕೊಟ್ಟೆ ಕಟ್ಟಿಸುತ್ತಿದ್ದರು. ಹೀಗೆ ವರ್ಷವರ್ಷವೂ ಕೂಲಿ ತೆತ್ತು ರೋಗದೊಡನೆ ಹೋರಾಡುತ್ತಿದ್ದವನಿಗೆ ಕೊಳೆಯ ನಷ್ಟವೇನೆಂದು ಯಾರೂ ಉಪನ್ಯಾಸ ಮಾಡಿ ತಿಳಿಸಬೇಕಾಗಿರಲಿಲ್ಲ.

ಇದರಿಂದ ಗ್ರಹಿಸಬೇಕಾದುದಿಷ್ಟೆ: ತೊಂದರೆಗೆ ಈಗಾಗಲೇ ಏನಾದರೊಂದು ಉಪಾಯ ಹೂಡಿ, ಅದಕ್ಕಾಗಿ ಹಣವನ್ನೋ ದುಡಿಮೆಯನ್ನೋ ವ್ಯಯಿಸುತ್ತಿರುವವನೇ ಮೊದಲ ಬಳಕೆಗೆ ಯೋಗ್ಯನು. ನೆಲದ ಮೇಲೆ ನಿಂತೇ ಅಡಕೆಗೆ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಯಂತಹ ಸಾಧನವನ್ನು ತಂದವನು, ಮರವೇರುವವರು ದೊರೆಯದೆ ಮಳೆಗಾಲದಲ್ಲಿ ಪರದಾಡುವ ತೋಟಗಾರನನ್ನು ಮೊದಲು ಅರಸಬೇಕು. ಸಿರಿವಂತನು ಅದನ್ನು ಕೊಂಡು ಕೊಟ್ಟಿಗೆಯಲ್ಲಿ ಇಟ್ಟುಬಿಡಬಹುದು. ಅಗತ್ಯವುಳ್ಳವನು ಮರುದಿನವೇ ಬಳಸಿ, ಅದರ ಕುಂದುಗಳನ್ನೂ ಹೇಳುವನು.

ಆದರೆ ಇಲ್ಲಿ ಇನ್ನೊಂದು ವಿಚಾರವುಂಟು. ಅಮೆರಿಕಾದ ಅಯೋವಾ ಪ್ರಾಂತ್ಯದಲ್ಲಿ ಸಂಕರ ಮುಸುಕಿನ ಜೋಳವು ಹರಡಿದ ಬಗೆಯನ್ನು ರಯನ್ ಮತ್ತು ಗ್ರಾಸ್ ಎಂಬ ವಿದ್ವಾಂಸರು 1943ರಲ್ಲಿ ಪ್ರಕಟಿಸಿದರು. ಅವರು ಪರಿಶೀಲಿಸಿದ 259 ಮಂದಿ ಬೇಸಾಯಗಾರರಲ್ಲಿ ಇಬ್ಬರ ಹೊರತು ಉಳಿದವರೆಲ್ಲರೂ 1941ರ ಹೊತ್ತಿಗೆ ಆ ಬಿತ್ತನೆಯನ್ನು ಸ್ವೀಕರಿಸಿದ್ದರು. ಹೆಚ್ಚಿನವರಿಗೆ ಸುದ್ದಿ ತಿಳಿಸಿದವರು ಮಾರಾಟಗಾರರು. ಹಿಂದಿನಿಂದ ಬಂದವರಿಗೆ ನಂಬಿಕೆ ಹುಟ್ಟಿಸಿದವರಾದರೋ ನೆರೆಹೊರೆಯವರು. ಮೊದಲಿಗರು ಸಹ ಜಮೀನಿನ ಸ್ವಲ್ಪ ಭಾಗದಲ್ಲಿ ಮಾತ್ರವೇ ಬಿತ್ತಿ ನೋಡಿದರು. ಅವರ ಹಿಡುವಳಿಗಳೂ ದೊಡ್ಡವಾಗಿದ್ದುದರಿಂದ ಆ ತುಂಡು ಕೈಕೊಟ್ಟರೂ ಅವರು ತಾಳಿಕೊಳ್ಳಬಲ್ಲವರಾಗಿದ್ದರು.

ನಮ್ಮ ಎರಡೆಕರೆಯ ರೈತನಿಗೆ ಆ ಅನುಕೂಲವಿಲ್ಲ. ಒಂದು ಫಸಲು ಹೋದರೆ ಅವನು ಸಾಲಕ್ಕೆ ಬೀಳುವನು. ಅಲ್ಲದೆ ಅವನ ನಷ್ಟವನ್ನು ಕಂಡ ಊರು ಆ ಸಾಧನವನ್ನು ಮಾತ್ರವಲ್ಲ, ಮುಂದೆ ಬರುವ ಒಳ್ಳೆಯ ಸಾಧನವನ್ನೂ ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುವುದು. ಆದುದರಿಂದ ಪರೀಕ್ಷೆಯ ನಷ್ಟವನ್ನು ಹೊರತಕ್ಕವನು ನಿರ್ಮಾಪಕನೇ ಹೊರತು ರೈತನಲ್ಲ.

ನವೋದ್ಯಮಿಗಳು ಮೊದಲ ವರ್ಷ ನೂರು ಊರುಗಳಿಗೆ ಹೋಗದೆ ಒಂದೇ ಊರಿನಲ್ಲಿ ಐದಾರು ಮನೆಗಳನ್ನು ಆರಿಸಿಕೊಳ್ಳಲಿ. ಜಮೀನಿನ ಒಂದು ಮೂಲೆಯಲ್ಲಿ ಮಾತ್ರ ಪರೀಕ್ಷೆ ನಡೆಯಲಿ; ಬೆಳೆ ಕೆಟ್ಟರೆ ಪರಿಹಾರ ಕೊಡುವುದಾಗಿ ಮೊದಲೇ ಬರೆದುಕೊಡಲಿ. ಸಾಧನಕ್ಕೆ ಅಲ್ಪಸ್ವಲ್ಪವಾದರೂ ಬೆಲೆ ಪಡೆಯಲಿ. ಪುಕ್ಕಟೆಯಾಗಿ ಬಂದುದನ್ನು ಯಾರೂ ಬೇಡವೆನ್ನರು, ಅದರಿಂದ ನಿಜವಾದ ಅಗತ್ಯವೂ ತಿಳಿಯದು. ಬಿತ್ತನೆಯಿಂದ ಕೊಯ್ಲಿನವರೆಗೆ ತಾವೇ ಹೊಲಕ್ಕೆ ಬಂದು ನೋಡಲಿ. ರೈತ ಬಾಂಧವರೂ ಈ ಕರಾರುಗಳನ್ನು ಸಂಕೋಚವಿಲ್ಲದೆ ಕೇಳಿ, ಅನಂತರವೇ ಒಪ್ಪಿಗೆ ಕೊಡತಕ್ಕದ್ದು.