ಗೆಣಸು ಸುಡದ ರಾತ್ರಿ

ಪುಟಾಣಿಗಳೇ, ಮೊಮ್ಮಗನಿಗೆ ಕೊಟ್ಟ ಒಂದು ಮಾತನ್ನು ನಾನು ನಡೆಸಿಕೊಡಲಿಲ್ಲ. ಈ ವಾರ ಅದೇ ಕಥೆ.

ಸಂಕ್ರಾಂತಿ ಕಳೆದ ಮರುವಾರ ಮಗ, ಸೊಸೆ, ಆರನೇ ತರಗತಿಯ ಮೊಮ್ಮಗ ಮತ್ತು ನಾನು ಕುದುರೆಮುಖದ ಭಗವತಿ ಪ್ರಕೃತಿ ಶಿಬಿರಕ್ಕೆ ಹೊರಟೆವು. ಅದು ಅರಣ್ಯ ಇಲಾಖೆಯದು. ಪಕ್ಕದಲ್ಲೇ ಭದ್ರೆ ಹರಿಯುತ್ತಾಳೆ, ಡೇರೆಯಲ್ಲಿ ಮಲಗಬಹುದು. ಅಜ್ಜಿ ಬರಲಿಲ್ಲ. "ನೆಲದಿಂದ ಏಳಲು ನಿಮಗೇ ಇಬ್ಬರು ಬೇಕು, ನನ್ನನ್ನು ಯಾರು ಎಬ್ಬಿಸುವುದು?" ಎಂದು ಮನೆಯಲ್ಲೇ ಉಳಿದಳು. ಆದರೆ ಒಂದು ಚೀಲ ಗೆಣಸು ಕಟ್ಟಿಕೊಟ್ಟಳು. ರಾತ್ರಿ ಬೆಂಕಿ ಹಾಕಿ, ಕೆಂಡದಲ್ಲಿ ಗೆಣಸು ಸುಟ್ಟು ತಿನ್ನೋಣ ಎಂದು ನಾನು ಹುಡುಗನಿಗೆ ದೀಪಾವಳಿಯಿಂದಲೂ ಹೇಳುತ್ತಾ ಬಂದಿದ್ದೆ.

ಬಂಟ್ವಾಳದಿಂದ ಸಿದ್ಧಕಟ್ಟೆ, ಮೂಡುಬಿದಿರೆ. ಅಲ್ಲಿ ಬನ್ಸ್, ಚಹಾ. ಮತ್ತೆ ಕಾರ್ಕಳ, ಬಜಗೋಳಿ ದಾಟಿ ಮಾಳದ ಘಾಟಿ ಹತ್ತಿದರೆ ಸೆಕೆ ಕೆಳಗೇ ಉಳಿಯುತ್ತದೆ. ಮೇಲಿನ ಗುಡ್ಡಗಳಲ್ಲಿ ಮರವಿಲ್ಲ, ಬರೀ ಹುಲ್ಲು. ಎರಡು ಗುಡ್ಡಗಳ ಸಂದಿನಲ್ಲಿ ಮಾತ್ರ ಕಪ್ಪನೆ ದಟ್ಟ ಕಾಡು. ಅದಕ್ಕೆ ಶೋಲಾ ಎನ್ನುತ್ತಾರೆ. ಮಳೆಗಾಲದ ನೀರನ್ನು ಹುಲ್ಲು ಮತ್ತು ಶೋಲಾ ಹೀರಿಟ್ಟುಕೊಂಡು ಬೇಸಗೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ತುಂಗೆ, ಭದ್ರೆ, ನಮ್ಮ ನೇತ್ರಾವತಿ ಮೂವರೂ ಹುಟ್ಟುವುದು ಈ ಬೆಟ್ಟಗಳಲ್ಲೇ. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿನ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತಿತು.

ಸಂಜೆಯಾಯಿತು. ಹುಡುಗ ಮೂರು ಕಲ್ಲು ಜೋಡಿಸಿ, ಒಣ ಕಡ್ಡಿ ಆರಿಸಿ ತಂದ. ಕಾವಲುಗಾರ ಓಡಿ ಬಂದರು.

"ಅಜ್ಜೇರೇ, ಇಲ್ಲಿ ಬೆಂಕಿ ಹಾಕಲಿಕ್ಕೆ ಆಗುವುದಿಲ್ಲ."

"ಸಣ್ಣದು ಮಾರಾಯ್ರೇ, ಗೆಣಸಿಗೆ ಮಾತ್ರ."

"ಸಣ್ಣದೂ ಇಲ್ಲ. ಹುಲ್ಲು ಒಣಗಿದೆ, ನೋಡಿ."

ಹುಡುಗನ ಮುಖ ಸಣ್ಣದಾಯಿತು. "ಅವರಿಗೆ ಏನು ಗೊತ್ತು? ನೀರು ಹಾಕಿ ನಂದಿಸಿದರೆ ಆಯ್ತಲ್ಲ" ಎಂದು ಡೇರೆಯೊಳಗೆ ಮುಖ ತಿರುಗಿಸಿ ಮಲಗಿದ. ಮಗ, ಸೊಸೆ ಪಕ್ಕದ ಡೇರೆಯಲ್ಲಿದ್ದರು. ದೂರದಲ್ಲಿ ಕಡವೆಯೊಂದು ಕೂಗಿತು. ನನಗೆ ನಿದ್ದೆ ಬರಲಿಲ್ಲ, ಅವನಿಗೂ ಇಲ್ಲ. ಆಗ, ಐವತ್ತು ವರ್ಷ ಬಾಯಿ ಬಿಡದ ಸಂಗತಿಯನ್ನು ಹೇಳಿದೆ.

1976. ನಾನು ಬೆಳ್ತಂಗಡಿಯಲ್ಲಿ ಬ್ಯಾಂಕ್ ಗುಮಾಸ್ತ, ಮದುವೆಯಾಗಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ನಾವು ಐದು ಮಂದಿ ಗೆಳೆಯರು ಬಂಡಾಜೆ ಅರ್ಬಿಯ ಮೇಲಿನ ಹುಲ್ಲುಗುಡ್ಡೆ ಹತ್ತಿದೆವು. ಡೇರೆ ಎಲ್ಲಿಯದು, ಒಬ್ಬೊಬ್ಬನಿಗೆ ಒಂದೊಂದು ಕಂಬಳಿ. ಚಳಿಗೆ ಬೆಂಕಿ ಹಾಕಿದೆವು. ಬೆಳಿಗ್ಗೆ ಕಾಫಿ ಕಾಯಿಸಿ, ಬೂದಿಯ ಮೇಲೆ ಕಾಲಿನಿಂದ ಮಣ್ಣು ತಳ್ಳಿದೆವು. ನೀರು ತರಲು ಕೆಳಗಿನ ಹಳ್ಳಕ್ಕೆ ಇಳಿಯಬೇಕಿತ್ತು. "ನಂದಿದೆ, ಬನ್ನಿ" ಎಂದವನು ನಾನೇ.

ಅರ್ಧ ಗಂಟೆ ಇಳಿದು ತಿರುಗಿ ನೋಡಿದರೆ ಹೊಗೆ. ಓಡಿ ಹತ್ತಿದೆವು. ಹಸಿ ಸೊಪ್ಪಿನ ಗೆಲ್ಲು ಮುರಿದು ಬಡಿದೆವು. ಒಂದು ಕಡೆ ನಂದಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಗಾಳಿ ಬೀಸಿತು ನೋಡಿ, ಬೆಂಕಿ ಗುಡ್ಡ ಹತ್ತಲು ಶುರುವಾಯಿತು. ಇಳಿಯುವುದಕ್ಕಿಂತ ಹತ್ತುವುದೇ ಬೆಂಕಿಗೆ ಸುಲಭವೆಂದು ನಾನು ಕಲಿತದ್ದು ಅಂದೇ. ಮೇಲಿನ ಹುಲ್ಲು ಮೊದಲೇ ಕಾದು ತಯಾರಾಗಿರುತ್ತದೆ. ನನ್ನ ಹುಬ್ಬಿನ ಕೂದಲು ಸುಟ್ಟಿತು. ನಾವು ಓಡಿದೆವು.

ಆ ರಾತ್ರಿ ಬಾಡಿಗೆ ಕೋಣೆಯ ಅಂಗಳದಿಂದ ನೋಡಿದರೆ ಘಟ್ಟದ ಮೇಲೆ ಕೆಂಪು ಮಾಲೆ. "ಯಾರೋ ಬೆಂಕಿ ಇಟ್ಟಿದ್ದಾರೆ, ಪಾಪಿಗಳು" ಎಂದರು ಮನೆಯ ಯಜಮಾನರು. "ಹೌದು" ಎಂದೆ ನಾನು. ಮರುದಿನ ರಾತ್ರಿಯೂ ಉರಿಯಿತು. ಲೆಡ್ಜರಿನಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕೂತು ಹುಡುಕುತ್ತಿದ್ದವನು ನಾನು. ಆ ಗುಡ್ಡದ ಲೆಕ್ಕ ನೋಡಲು ಮಾತ್ರ ಮತ್ತೆ ಹತ್ತಲೇ ಇಲ್ಲ.

ಹುಡುಗ ಎದ್ದು ಕೂತಿದ್ದ.

"ಹಕ್ಕಿ ಗೂಡುಗಳಿದ್ದವಾ?"

"ಇದ್ದಿರಬಹುದು. ಹುಲ್ಲಿನಲ್ಲೇ ಗೂಡು ಕಟ್ಟುವ ಹಕ್ಕಿಗಳಿವೆ."

"ಶೋಲಾ ಕಾಡು?"

"ಅದರೊಳಗೆ ತೇವ ಇರುತ್ತದೆ, ಬೇಗ ಹತ್ತುವುದಿಲ್ಲ. ಅಂಚಿನ ಸಣ್ಣ ಗಿಡಗಳು ಸುಡುತ್ತವೆ."

"ಯಾರಿಗೂ ಹೇಳಲಿಲ್ವಾ ಅಜ್ಜ? ಅಜ್ಜಿಗೂ?"

"ಇಲ್ಲ."

ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟಾರ್ಚ್ ಹಿಡಿದು ಹೊರಗೆ ಹೋದ. ಕಲ್ಲುಗಳು ಉರುಳಿದ ಸದ್ದು ಕೇಳಿತು. ಒಲೆ ಬಿಚ್ಚಿಟ್ಟು ಬಂದು ಮಲಗಿದ. ನನ್ನ ಕಡೆ ತಿರುಗಿದನೋ ಇಲ್ಲವೋ, ಕತ್ತಲೆಯಲ್ಲಿ ತಿಳಿಯಲಿಲ್ಲ.

ಬೆಳಿಗ್ಗೆ ನಾನು ಹಲ್ಲುಜ್ಜುವಷ್ಟರಲ್ಲಿ ಅವನು ಕಾವಲುಗಾರರ ಜೊತೆಗಿದ್ದ. ಹೇಳಿಬಿಟ್ಟಿದ್ದಾನೆ ಎಂದು ಅವರ ಮುಖ ನೋಡಿಯೇ ಗೊತ್ತಾಯಿತು. ಕಿವಿ ಬಿಸಿಯಾಯಿತು ನನಗೆ. ಅವರು ಬೈಯಲಿಲ್ಲ, ನಗಲೂ ಇಲ್ಲ. "ಗಾಳಿ ಯಾವ ಕಡೆಯಿಂದ ಇತ್ತು ಅಜ್ಜೇರೇ?" ಎಂದು ಕೇಳಿದರು. ಆಮೇಲೆ ಇಬ್ಬರನ್ನೂ ಕರೆದುಕೊಂಡು ಹೋಗಿ ಬೆಂಕಿ ರೇಖೆ ತೋರಿಸಿದರು. ಬೇಸಗೆಗೆ ಮೊದಲೇ ಹುಲ್ಲು ಸವರಿ, ಜಾಗ್ರತೆಯಿಂದ ಸುಟ್ಟು ಬೋಳು ಮಾಡಿದ ಪಟ್ಟಿ ಅದು. ಬೆಂಕಿ ಅಲ್ಲಿವರೆಗೆ ಬಂದರೆ ತಿನ್ನಲು ಏನೂ ಇರಬಾರದು. ಹುಡುಗ ಅದರ ಅಗಲವನ್ನು ಹೆಜ್ಜೆ ಹಾಕಿ ಅಳೆದ.

ಗೆಣಸನ್ನು ಅಡುಗೆಯವರು ಬೇಯಿಸಿಕೊಟ್ಟರು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು.

ಅಜ್ಜಿಗೆ ಇನ್ನೂ ಹೇಳಿಲ್ಲ. ಪತ್ರಿಕೆ ಮನೆಗೆ ಬಂದ ಕೂಡಲೇ ಮೊದಲು ಬಿಡಿಸುವವಳು ಅವಳೇ.