ಗಾಡಿಗೆ ವಿಮೆ ಇದೆ, ಬಾವಿಗೆ?



ನಿಮ್ಮ ಬೈಕಿಗೆ ವಿಮೆ ಇದೆಯೇ? ಇರಲೇಬೇಕು. 1988ರ ಮೋಟಾರು ವಾಹನ ಕಾಯಿದೆ ನಿಮ್ಮನ್ನು ಬಿಡುವುದಿಲ್ಲ. ನೀವು ಯಾರಿಗಾದರೂ ಗುದ್ದಿದರೆ ಆ ಬಡಪಾಯಿಗೆ ಪರಿಹಾರ ಸಿಗಲಿ ಎಂದು ಮಾಡಿದ ಕಾನೂನು ಅದು. ಒಳ್ಳೆಯದೇ. ಆದರೆ ಅದೇ ಬೈಕಿನಿಂದ ಇಳಿಸಿದ ಹಳೆ ಆಯಿಲ್ ನೆಲಕ್ಕಿಳಿದು ಪಕ್ಕದ ಮನೆಯ ಬಾವಿ ಸೇರಿದರೆ? ಆಗ ಆ ಮನೆಯವರಿಗೆ ಯಾರು ಕೊಡುತ್ತಾರೆ? ಯೋಚಿಸಿದ್ದೀರಾ?

ನಾನೂ ಯೋಚಿಸಿರಲಿಲ್ಲ. ಕಾಪು ಕಡೆ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಶಾಲಾ ಗೆಳೆಯನೊಬ್ಬ ಒಂದು ಮಳೆಗಾಲದ ಸಂಜೆ ಪ್ರೆಸ್ಸಿಗೆ ಬಂದ. ಮುಖ ಬಾಡಿತ್ತು. ಹಿಂದಿನ ಮನೆಯವರ ಬಾವಿ ನೀರಿನ ಮೇಲೆ ಎಣ್ಣೆ ತೇಲುತ್ತಿದೆ, ಅವರು ಅಂಗಳಕ್ಕೆ ಬಂದು ನಿಂತಿದ್ದಾರೆ. ಅವನು ವರ್ಷಗಟ್ಟಲೆ ಹಳೆ ಆಯಿಲನ್ನು ಹಿತ್ತಿಲ ಗುಂಡಿಗೆ ಸುರಿದಿದ್ದ. ಕೈಯಲ್ಲಿ ಅಂಗಡಿಯ ವಿಮೆ ಪಾಲಿಸಿ. ‘ಇದನ್ನೊಮ್ಮೆ ಓದಿ ಹೇಳು ಮಾರಾಯ, ಏನಾದ್ರೂ ಸಿಗ್ತದಾ?’ ಅಂದ.

ನಾನು ಪಿಯುಸಿ ಓದಿದವನು. ನಿಘಂಟು ಹಿಡಿದು ಎರಡು ರಾತ್ರಿ ಕೂತೆ. ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಕೊನೆಗೊಂದು ಸಾಲು ಸಿಕ್ಕಿತು: ಮಾಲಿನ್ಯದಿಂದಾದ ನಷ್ಟಕ್ಕೆ ಈ ಪಾಲಿಸಿ ಅನ್ವಯಿಸುವುದಿಲ್ಲ! ಹನ್ನೊಂದು ವರ್ಷ ಕಂತು ಕಟ್ಟಿದ್ದ. ಆ ಸಾಲು ಅಲ್ಲಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಬಾವಿ ಬರಿದು ಮಾಡಿಸಿ ತೊಳೆಸಿ, ಆ ಮನೆಗೆ ತಿಂಗಳುಗಟ್ಟಲೆ ಟ್ಯಾಂಕರ್ ನೀರು ತರಿಸಿ, ಹೆಂಡತಿಯ ಬಳೆ ಅಡವಿಟ್ಟ.

ತಪ್ಪು ಅವನದೇ, ಇಲ್ಲವೆನ್ನುವುದಿಲ್ಲ. ಆದರೆ ನಾನೇನು ಸಾಚಾ? ರೋಲರ್ ತೊಳೆದ ಸೀಮೆಎಣ್ಣೆಯನ್ನು ಎಷ್ಟು ವರ್ಷ ಚರಂಡಿಗೆ ಚೆಲ್ಲಿಲ್ಲ! ನಮ್ಮದು ಮುರಕಲ್ಲಿನ ನೆಲ. ಮೈಯೆಲ್ಲಾ ತೂತು. ಸುರಿಯುವುದು ಜಡಿಮಳೆ. ಉಡುಪಿಯಿಂದ ಕಾರ್ಕಳದವರೆಗೆ ಮನೆಗೊಂದು ಬಾವಿ. ಇಂದು ನೆಲಕ್ಕೆ ಬಿದ್ದದ್ದು ನಾಳೆ ಕೊಡಪಾನಕ್ಕೆ ಬರುತ್ತದೆ. ಒಂದು ಸಲ ಬದಲಿಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಇಲಾಖೆಯೇ ಎಚ್ಚರಿಸಿದೆ.

ಕಾನೂನು ಇಲ್ಲವೇ? ಇದೆ. 1984ರ ಭೋಪಾಲ ದುರಂತದ ಪಾಠವಾಗಿ 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಬಂತು. ಅಪಾಯಕಾರಿ ವಸ್ತು ಬಳಸುವವರು ವಿಮೆ ಮಾಡಿಸಲೇಬೇಕು, ತಪ್ಪು ಯಾರದೆಂದು ಸಾಬೀತಾಗುವ ಮೊದಲೇ ಸಂತ್ರಸ್ತರಿಗೆ ಪರಿಹಾರ ಸಿಗಬೇಕು ಎಂಬುದು ಅದರ ತಿರುಳು. ಆದರೆ ಅದು ಸರಕಾರ ಗೊತ್ತುಪಡಿಸಿದ ಪ್ರಮಾಣ ಮೀರಿ ದಾಸ್ತಾನು ಇಡುವವರಿಗೆ. ಒಂದೆರಡು ಬ್ಯಾರೆಲಿನ ಗ್ಯಾರೇಜು ಅದರ ಬಲೆಗೆ ಬೀಳುವುದಿಲ್ಲ.

ಹಾಗೆಂದು ಹೊಣೆ ತಪ್ಪಿತೇ? ಇಲ್ಲ! ಕೆಡಿಸಿದವನೇ ತೆರಬೇಕು ಎಂದು 1996ರಲ್ಲಿ ರಾಜಸ್ಥಾನದ ಬಿಛ್ಡಿ ಗ್ರಾಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2010ರ ಹಸಿರು ನ್ಯಾಯಮಂಡಳಿ ಕಾಯಿದೆ ಅದನ್ನೇ ಎತ್ತಿ ಹಿಡಿಯಿತು. ಅದೇ ಮಂಡಳಿ 2022ರಲ್ಲಿ ನಮ್ಮ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ 52 ಕೋಟಿ ರೂಪಾಯಿ ಪರಿಹಾರ ಕಟ್ಟಲು ಆದೇಶಿಸಿತು. ದೊಡ್ಡವರಿಗೆ ವಕೀಲರಿದ್ದಾರೆ, ಖಜಾನೆ ಇದೆ. ಗ್ಯಾರೇಜಿನವನಿಗೆ ಇರುವುದು ಹೆಂಡತಿಯ ಬಳೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಆಯಿಲ್ ಅಪಾಯಕಾರಿ ತ್ಯಾಜ್ಯವೇ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಪರವಾನಗಿ ಇರುವ ಮರುಬಳಕೆದಾರರಿಗೇ ಕೊಡಬೇಕು. ಇದನ್ನು ಕನ್ನಡದಲ್ಲಿ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿದ್ದನ್ನು ನೀವು ಎಲ್ಲಾದರೂ ಕಂಡಿರಾ? ನಾನಂತೂ ಕಂಡಿಲ್ಲ.

ವಿಮೆಯಲ್ಲೂ ಅದೇ ಕಥೆ. ಹೊಣೆಗಾರಿಕೆ ಪಾಲಿಸಿಗೆ ಹೆಚ್ಚಿನ ಕಂತು ಕಟ್ಟಿದರೆ ಹಠಾತ್ ಅವಘಡದಿಂದಾಗುವ ಮಾಲಿನ್ಯವನ್ನು ಸೇರಿಸಿಕೊಳ್ಳುವ ದಾರಿ ಉಂಟು. ಬ್ಯಾರೆಲ್ ಉರುಳಿ ಒಡೆದರೆ ಅದು ಅವಘಡ. ಹನಿ ಹನಿಯಾಗಿ ಹತ್ತು ವರ್ಷ ಇಳಿದರೆ ಅಲ್ಲ. ಈ ಎರಡರ ನಡುವಿನ ಒಂದು ಪದದಲ್ಲಿ ಒಂದು ಸಂಸಾರದ ಬದುಕು ನಿಂತಿದೆ. ಆ ಪದ ಸಹಿ ಹಾಕುವವನಿಗೆ ತಿಳಿಯದ ಭಾಷೆಯಲ್ಲಿದೆ! ಆರೋಗ್ಯ ವಿಮೆಯ ಮಾಹಿತಿ ಪತ್ರವನ್ನು ಗ್ರಾಹಕ ಕೇಳಿದರೆ ಸ್ಥಳೀಯ ಭಾಷೆಯಲ್ಲೇ ಕೊಡಬೇಕು ಎಂಬ ನಿಯಮ 2024ರ ಜನವರಿ 1ರಿಂದ ಜಾರಿಯಲ್ಲಿದೆ. ಆಸ್ಪತ್ರೆಗೆ ಕನ್ನಡ ಆಗುತ್ತದೆ, ಅಂಗಡಿಗೆ ಏಕಾಗದು?

ದುಡ್ಡಿಲ್ಲ ಎನ್ನಬೇಡಿ. ಇದು ಪಿಗ್ಮಿ ಹುಟ್ಟಿದ ನೆಲ. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಕೂಡಿಸಿ ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿದವರು ನಮ್ಮ ಹಿರಿಯರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಬುದ್ಧಿ ವಿಲೀನವಾಗಬೇಕಿಲ್ಲ. ಊರಿನ ಗ್ಯಾರೇಜಿನವರೆಲ್ಲ ಒಟ್ಟಾಗಿ ದಿನಕ್ಕಿಷ್ಟು ಕೂಡಿಸಲಿ, ಒಂದೇ ದನಿಯಲ್ಲಿ ವಿಮಾ ಕಂಪೆನಿಯ ಮುಂದೆ ಕೂರಲಿ. ಒಬ್ಬನಿಗೆ ಸಿಗದ ದರ ನೂರು ಮಂದಿಗೆ ಸಿಕ್ಕೀತು.

ಒಂದು ಮಾತು ನೆನಪಿರಲಿ. ವಿಮೆ ಇದೆಯೆಂದು ಆಯಿಲ್ ಚೆಲ್ಲುವುದಲ್ಲ. ಮೊದಲು ಸಿಮೆಂಟು ನೆಲ, ಕೆಳಗೊಂದು ಟ್ರೇ, ಮಾಡಿನಡಿ ಮುಚ್ಚಳದ ಬ್ಯಾರೆಲ್. ಆಮೇಲೆ ವಿಮೆ.

ಮಣಿಪಾಲದ ರಸ್ತೆಗಳಲ್ಲಿ ಬೈಕು ಓಡಿಸುವ ತರುಣರೇ, ಇನ್ನು ನಿಮ್ಮ ಸರದಿ. ಮುಂದಿನ ಸಲ ಆಯಿಲ್ ಬದಲಿಸುವಾಗ ‘ಅಣ್ಣಾ, ಹಳೆಯದು ಎಲ್ಲಿಗೆ ಹೋಗ್ತದೆ?’ ಎಂದು ಕೇಳಿ. ವಿಮಾ ಕಚೇರಿಗೆ ಹೋದರೆ ‘ಯಾವುದಕ್ಕೆ ದುಡ್ಡು ಸಿಗುವುದಿಲ್ಲ, ಕನ್ನಡದಲ್ಲಿ ಬರೆದುಕೊಡಿ’ ಎಂದು ಕೇಳಿ. ಕೊಡದಿದ್ದರೆ ಅಲ್ಲೇ ಕೂತು ಅರ್ಜಿ ಬರೆಯಿರಿ. ನಾಮಫಲಕದಲ್ಲಿ ಕನ್ನಡ ಬೇಕೆಂದು ಹೋರಾಡಿದ್ದೇವೆ, ಸರಿಯೇ. ಆದರೆ ಬಡವನ ಮನೆ ಮುಳುಗುವುದು ನಾಮಫಲಕದಿಂದಲ್ಲ, ಓದಲಾಗದ ಕರಾರಿನಿಂದ. ಕನ್ನಡ ಅಲ್ಲಿಗೂ ಹೋಗಲಿ.

ಗೆಳೆಯನ ಗ್ಯಾರೇಜಿನ ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿ ಕೊಟ್ಟಿದ್ದೇನೆ. ಬೇಕಾದವರು ಪ್ರೆಸ್ಸಿಗೆ ಬನ್ನಿ. ಕಾಸು ಬೇಡ.