ರೀಲ್ಸ್‌ನಲ್ಲಿ ಮುದ್ದು, ಮನೆಯಲ್ಲಿ ಮದ್ದು!



ಮಳೆಗಾಲದ ಭಾನುವಾರ ಬಂತೆಂದರೆ ಪುಣೆ, ಮುಂಬೈ ಕಡೆಯ ನಮ್ಮ ಕನ್ನಡ ಕುಟುಂಬಗಳು ಲೋಣಾವಳಾಕ್ಕೆ ಹೊರಡುತ್ತವೆ. ಅಲ್ಲಿ ಮಂಗನ ಕೈಗೆ ಚಿಕ್ಕಿ ಕೊಟ್ಟು ವಿಡಿಯೊ ಮಾಡುವವರಿಗೆ ಲೆಕ್ಕವಿಲ್ಲ. ಅದೇ ಮೊಬೈಲಿನಲ್ಲಿ ಯಾರದೋ ಹೆಗಲ ಮೇಲೆ ಇಗ್ವಾನಾ, ಇನ್ಯಾರದೋ ಕೊರಳಲ್ಲಿ ಹೆಬ್ಬಾವು. ದಿನಾ ನೋಡುವ ಮಕ್ಕಳಿಗೆ ಕಾಡುಪ್ರಾಣಿ ಎಂದರೆ ಆಟಿಕೆ ಅನಿಸುತ್ತದೆ. "ನಮಗೂ ಒಂದು ತನ್ನಿ" ಎಂಬ ಹಟ ಹುಟ್ಟುವುದು ಅಲ್ಲೇ.

ಆದರೆ ವಿಡಿಯೊ ಹೇಳುವುದು ಅರ್ಧ ಸತ್ಯ. ಕಚಗುಳಿ ಇಟ್ಟಾಗ ಎರಡೂ ಕೈ ಎತ್ತುವ ಸ್ಲೋ ಲೋರಿಸ್, ಅಂದರೆ ನಮ್ಮ ಕಾಡುಪಾಪದ ನೆಂಟ, ಖುಷಿಪಡುತ್ತಿಲ್ಲ, ಹೆದರಿದೆ. ಅದರ ತೋಳಿನಲ್ಲಿ ವಿಷದ ಗ್ರಂಥಿಯಿದೆ. ಜನ ಅದನ್ನೇ ಮುದ್ದು ಎಂದು ಹಂಚಿಕೊಂಡರು.

2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ 234 ಪ್ರಾಣಿಗಳು ಸಿಕ್ಕವು. ಸತ್ತ ಕಾಂಗರೂ ಮರಿಯೂ ಇತ್ತು. ಕೊಳ್ಳುವವರಿರುವುದರಿಂದಲೇ ತರುವವರಿದ್ದಾರೆ.

ಮನೆಯ ಆರೋಗ್ಯಕ್ಕೆ ಏನು ಅಪಾಯ?

• ಆಮೆ, ಇಗ್ವಾನಾ, ಹಾವು: ನೋಡಲು ಆರೋಗ್ಯವಾಗಿದ್ದರೂ ಸಾಲ್ಮೊನೆಲ್ಲಾ ಹರಡಬಲ್ಲವು. ಭೇದಿ, ಜ್ವರ ಬರುತ್ತದೆ. 5 ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ ಹೆಚ್ಚು ಅಪಾಯ. ಇದೇ ಕಾರಣಕ್ಕೆ ಅಮೆರಿಕ 1975ರಲ್ಲೇ ಪುಟ್ಟ ಆಮೆಗಳ ಮಾರಾಟ ನಿಷೇಧಿಸಿತು.
• ಗಿಳಿ ಜಾತಿಯ ಹಕ್ಕಿಗಳು: ಒಣಗಿದ ಹಿಕ್ಕೆಯ ಧೂಳಿನಿಂದ ಸಿಟಕೋಸಿಸ್ ಎಂಬ ಶ್ವಾಸಕೋಶದ ಸೋಂಕು ಬರಬಹುದು. ಜ್ವರ, ಒಣಕೆಮ್ಮು ಇದ್ದರೆ ಮನೆಯಲ್ಲಿ ಹಕ್ಕಿ ಇದೆ ಎಂದು ವೈದ್ಯರಿಗೆ ಹೇಳಿ.
• ಮಂಗ: ಕಚ್ಚಿದರೆ, ಪರಚಿದರೆ ರೇಬಿಸ್ ಭಯ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ.

ಕಾನೂನೂ ತಿಳಿದಿರಲಿ. ಹಸಿರು ಗಿಳಿ, ನಕ್ಷತ್ರ ಆಮೆ ಸಾಕುವುದು ಅಪರಾಧ. ಕಾಯ್ದೆಯ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

"ಊರು ಬಿಟ್ಟು ಬಂದಿದ್ದೇವೆ, ಅಜ್ಜ-ಅಜ್ಜಿ ಹತ್ತಿರವಿಲ್ಲ, ಮಗುವಿಗೆ ಜೊತೆ ಬೇಡವೇ?" ಎನ್ನುವವರಿದ್ದಾರೆ. ನ್ಯಾಯವಾದ ಮಾತು. ಹಾಗಿದ್ದರೆ ಬೀದಿಯ ನಾಯಿಮರಿಯೊಂದಕ್ಕೆ ಲಸಿಕೆ ಹಾಕಿಸಿ ಮನೆಗೆ ತನ್ನಿ. ಸಾವಿರಾರು ವರ್ಷದಿಂದ ಮನುಷ್ಯನ ಜೊತೆ ಬಾಳಿದ ಜೀವ ಅದು. ಡಬ್ಬಿಯಲ್ಲಿ ಬಂದ ಆಮೆಗೆ ನಮ್ಮ ಒಡನಾಟ ಬೇಕಿಲ್ಲ.

ಈಗಾಗಲೇ ಮನೆಯಲ್ಲಿದ್ದರೆ ಕೆರೆಗೋ ಅಣೆಕಟ್ಟಿಗೋ ಬಿಡಬೇಡಿ. ಅಲ್ಲಿನ ಜೀವಿಗಳಿಗೆ ಕುತ್ತು. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಕೇಳಿ.

ಮುಂದಿನ ಸಲ ಅಂಥ ವಿಡಿಯೊ ಬಂದಾಗ ಲೈಕ್ ಒತ್ತಬೇಡಿ, ಮುಂದಕ್ಕೆ ಕಳಿಸಬೇಡಿ. ನಮ್ಮ ಒಂದೊಂದು ಮೆಚ್ಚುಗೆಯೂ ಆ ವ್ಯಾಪಾರಕ್ಕೆ ಜಾಹೀರಾತು. ಕಳಿಸುವುದಾದರೆ ಇದನ್ನು ನಿಮ್ಮ ಬಳಗಕ್ಕೆ ಕಳಿಸಿ. 🙏